ಮನೋಮಿನ್ ಮತ್ತು ಅನಿಶಿನಾಬೆ ಆಹಾರ ಸಾರ್ವಭೌಮತ್ವ

ಮನೋಮಿನ್ ಎಂಬುದು ಉತ್ತರ ಅಮೆರಿಕದ ಮಹಾಸರೋವರಗಳ ಸುತ್ತಿನ ಆಳವಿಲ್ಲದ ಕೆರೆಗಳಲ್ಲೂ ಮಂದವಾಗಿ ಹರಿಯುವ ಹೊಳೆಗಳಲ್ಲೂ ತಾನಾಗಿ ಬೆಳೆಯುವ ಒಂದು ಜಲಹುಲ್ಲು ಮತ್ತು ಅದರ ಕಾಳು. ಆ ಸೀಮೆಯ ಮೂಲನಿವಾಸಿಗಳಾದ ಅನಿಶಿನಾಬೆ ಜನರಿಗೆ ಅದು ಆಹಾರಧಾನ್ಯ, ಪವಿತ್ರ ವಸ್ತು, ಜೊತೆಗೆ ಒಪ್ಪಂದಗಳ ಮೂಲಕ ಉಳಿಸಿಕೊಂಡ ಹಕ್ಕು. ಅದನ್ನು ಯಾರು, ಯಾವಾಗ, ಹೇಗೆ ಕೊಯ್ಯಬೇಕು, ಅದು ಬೆಳೆಯುವ ನೀರನ್ನು ಯಾರು ಕಾಯಬೇಕು ಎಂಬುದನ್ನು ತಾವೇ ತೀರ್ಮಾನಿಸುವ ಅಧಿಕಾರಕ್ಕಾಗಿ ಅವರು ನಡೆಸಿರುವ ಪ್ರಯತ್ನವು ಮೂಲನಿವಾಸಿ ಆಹಾರ ಸಾರ್ವಭೌಮತ್ವದ ಚೆನ್ನಾಗಿ ದಾಖಲಾದ ನಿದರ್ಶನಗಳಲ್ಲೊಂದು.

ಮನೋಮಿನ್ ಹೆಚ್ಚಾಗಿ ಕಾಣಸಿಗುವುದು ಅಮೆರಿಕ ಸಂಯುಕ್ತ ಸಂಸ್ಥಾನದ ಮಿನ್ನೆಸೊಟ ಮತ್ತು ವಿಸ್ಕಾನ್ಸಿನ್ ರಾಜ್ಯಗಳಲ್ಲಿ, ಕೆನಡಾದ ಒಂಟಾರಿಯೊ ಮತ್ತು ಮ್ಯಾನಿಟೋಬ ಪ್ರಾಂತ್ಯಗಳಲ್ಲಿ. ಮಿಷಿಗನ್‌ನಲ್ಲೂ ಉಂಟು, ಆದರೆ ಹಿಂದೆ ಇದ್ದುದರ ಸ್ವಲ್ಪ ಭಾಗ ಮಾತ್ರ ಉಳಿದಿದೆ. ಅನಿಶಿನಾಬೆ ಎಂಬ ಹೆಸರಿನಡಿ ಒಜಿಬ್ವೆ, ಒಡಾವ, ಪೊಟವಾಟಮಿ ಮೊದಲಾದ ಬಂಧು ಸಮುದಾಯಗಳು ಬರುತ್ತವೆ. ಸರ್ಕಾರಿ ದಾಖಲೆಗಳಲ್ಲಿ ಒಜಿಬ್ವೆಯರನ್ನು ಚಿಪ್ಪೆವಾ ಎಂದು ಬರೆಯುವುದುಂಟು.

ಪದಗಳ ಬಳಕೆ

ಆಹಾರ ಭದ್ರತೆ ಎಂದರೆ ಎಲ್ಲರಿಗೂ ಸಾಕಷ್ಟು ಆಹಾರ ದೊರೆಯುವ ಸ್ಥಿತಿ. ಆ ಆಹಾರ ಎಲ್ಲಿಂದ ಬಂತು, ಯಾರ ತೀರ್ಮಾನದಂತೆ ಬಂತು ಎಂಬುದನ್ನು ಈ ಪರಿಕಲ್ಪನೆ ಕೇಳುವುದಿಲ್ಲ. ಆಹಾರ ಸಾರ್ವಭೌಮತ್ವ ಕೇಳುವುದು ಅದನ್ನೇ. ಈ ಪರಿಕಲ್ಪನೆಯನ್ನು ಜಗತ್ತಿನ ಮುಂದಿಟ್ಟದ್ದು ಲಾ ವಿಯಾ ಕಂಪೆಸಿನಾ ಎಂಬ ಅಂತರರಾಷ್ಟ್ರೀಯ ರೈತ ಒಕ್ಕೂಟ. 1993ರಲ್ಲಿ ಸ್ಥಾಪನೆಯಾದ ಈ ಒಕ್ಕೂಟವು 1996ರಲ್ಲಿ ರೋಮ್‌ನಲ್ಲಿ ವಿಶ್ವ ಆಹಾರ ಶೃಂಗಸಭೆ ನಡೆದಾಗ ಇದನ್ನು ಮಂಡಿಸಿತು. ಕರ್ನಾಟಕ ರಾಜ್ಯ ರೈತ ಸಂಘವೂ ಈ ಒಕ್ಕೂಟದ ಸದಸ್ಯ ಸಂಘಟನೆ, ಎಂ. ಡಿ. ನಂಜುಂಡಸ್ವಾಮಿಯವರ ನೇತೃತ್ವದ ಕಾಲದಲ್ಲಿ ಬೀಜದ ಒಡೆತನ ಮತ್ತು ಪೇಟೆಂಟುಗಳ ವಿರುದ್ಧ ಅದು ನಡೆಸಿದ ಚಳವಳಿಗಳು ಇದೇ ವಿಚಾರಧಾರೆಗೆ ಸೇರುತ್ತವೆ. 2007ರ ಫೆಬ್ರವರಿಯಲ್ಲಿ ಮಾಲಿ ದೇಶದಲ್ಲಿ ಸೇರಿದ ನ್ಯೆಲೆನಿ ಸಮಾವೇಶದ ಘೋಷಣೆಯು ಈ ಪರಿಕಲ್ಪನೆಯ ವ್ಯಾಪ್ತಿಯನ್ನು ಮೀನುಗಾರರು, ಪಶುಪಾಲಕರು ಮತ್ತು ಮೂಲನಿವಾಸಿಗಳವರೆಗೆ ವಿಸ್ತರಿಸಿತು.

ಮೂಲನಿವಾಸಿ ಆಹಾರ ಸಾರ್ವಭೌಮತ್ವ ಇದರ ಒಂದು ಕವಲು. ರೈತ ಚಳವಳಿಯ ಆಹಾರ ಸಾರ್ವಭೌಮತ್ವವು ಹೊಲ, ಬೀಜ ಮತ್ತು ಮಾರುಕಟ್ಟೆಯನ್ನು ನಡುವೆ ಇಟ್ಟುಕೊಂಡಿದೆ. ಮೂಲನಿವಾಸಿಗಳ ಆಹಾರದ ದೊಡ್ಡ ಭಾಗ ಬಿತ್ತದೆ ಬರುವಂಥದ್ದು: ಬೇಟೆ, ಮೀನು, ಗೆಡ್ಡೆ, ಹಣ್ಣು, ಕಾಡಿನ ಕಾಳು. ಆದ್ದರಿಂದ ಅಲ್ಲಿ ಮೊದಲ ಪ್ರಶ್ನೆ ಭೂಮಿಯ ಒಡೆತನವಲ್ಲ, ಕಾಡು ಮತ್ತು ನೀರಿನ ಬಳಕೆಯ ಹಕ್ಕು. ಕೆನಡಾದ ಬ್ರಿಟಿಷ್ ಕೊಲಂಬಿಯ ಪ್ರಾಂತ್ಯದಲ್ಲಿ ಈ ಕುರಿತು ಕೆಲಸ ಮಾಡಿದ ಮೂಲನಿವಾಸಿ ಕಾರ್ಯತಂಡವು ಇದಕ್ಕೆ ನಾಲ್ಕು ತತ್ತ್ವಗಳನ್ನು ಗುರುತಿಸಿದೆ: ಆಹಾರದ ಪಾವಿತ್ರ್ಯ, ನಿತ್ಯದ ಪಾಲ್ಗೊಳ್ಳುವಿಕೆ, ಸ್ವನಿರ್ಣಯ, ಕಾನೂನು ಮತ್ತು ನೀತಿಗಳ ಮಾರ್ಪಾಡು.

ಮಾರುಕಟ್ಟೆಯಲ್ಲಿ ಮನೋಮಿನ್‌ಗೆ ವೈಲ್ಡ್ ರೈಸ್ ಎಂಬ ಹೆಸರಿದೆ. ಅದೇ ಹೆಸರಿನಲ್ಲಿ ಯಂತ್ರದಿಂದ ಕೊಯ್ದ ಗದ್ದೆಯ ಬೆಳೆಯೂ ಮಾರಾಟವಾಗುತ್ತದೆ. ಈ ಲೇಖನದಲ್ಲಿ ಕೆರೆಯಲ್ಲಿ ತಾನಾಗಿ ಬೆಳೆದುದನ್ನು ಮನೋಮಿನ್ ಎಂದೂ, ಬಿತ್ತಿ ಬೆಳೆದುದನ್ನು ಗದ್ದೆಯ ವೈಲ್ಡ್ ರೈಸ್ ಎಂದೂ ಕರೆಯಲಾಗಿದೆ. ನಮ್ಮಲ್ಲಿ ಕೆರೆಯಂಚಿನಲ್ಲಿ ಕಾಣುವ ಕಾಡುಭತ್ತಕ್ಕೂ ಮನೋಮಿನ್‌ಗೂ ದೂರದ ನಂಟು ಮಾತ್ರ. ಕಾಡುಭತ್ತ ಒರೈಜ ಕುಲದ್ದು, ಮನೋಮಿನ್ ಜಿಜೇನಿಯ ಕುಲದ್ದು.

ಸಸ್ಯ

ಜಿಜೇನಿಯ ಕುಲದಲ್ಲಿ ನಾಲ್ಕು ಪ್ರಭೇದಗಳಿವೆ. ಅನಿಶಿನಾಬೆ ಜನ ಮುಖ್ಯವಾಗಿ ಕೊಯ್ಯುವುದು ಉತ್ತರದ ಪ್ರಭೇದವಾದ ಜಿಜೇನಿಯ ಪಲುಸ್ಟ್ರಿಸ್ ಅನ್ನು. ಜಿಜೇನಿಯ ಅಕ್ವಾಟಿಕ ಎತ್ತರವಾಗಿ ಬೆಳೆದರೂ ಕಾಳು ತೆಳು. ಜಿಜೇನಿಯ ಟೆಕ್ಸಾನ ಟೆಕ್ಸಸ್‌ನ ಸ್ಯಾನ್ ಮಾರ್ಕೋಸ್ ನದಿಗಷ್ಟೇ ಸೀಮಿತವಾಗಿ ಅಳಿವಿನಂಚಿನಲ್ಲಿದೆ. ನಾಲ್ಕನೆಯದಾದ ಜಿಜೇನಿಯ ಲ್ಯಾಟಿಫೋಲಿಯ ಏಷ್ಯದ್ದು. ಚೀನಾದಲ್ಲಿ ಅದನ್ನು ಈಗ ಕಾಳಿಗಾಗಿ ಬೆಳೆಯುವುದಕ್ಕಿಂತ ಶಿಲೀಂಧ್ರ ತಗುಲಿ ಉಬ್ಬಿದ ಕಾಂಡಕ್ಕಾಗಿ, ತರಕಾರಿಯಾಗಿ ಬೆಳೆಯುತ್ತಾರೆ.

ಮನೋಮಿನ್ ವಾರ್ಷಿಕ ಸಸ್ಯ. ಹಿಂದಿನ ಶರತ್ಕಾಲದಲ್ಲಿ ಉದುರಿದ ಕಾಳು ಕೆರೆಯ ತಳದ ಕೆಸರಿನಲ್ಲಿ ಹೂತು, ಹೆಪ್ಪುಗಟ್ಟುವಷ್ಟು ತಣ್ಣನೆಯ ನೀರಿನಲ್ಲಿ ಮೂರು ನಾಲ್ಕು ತಿಂಗಳು ಕಳೆದ ಮೇಲೆಯೇ ಮೊಳೆಯುತ್ತದೆ. ಚಳಿ ಸಾಲದಿದ್ದರೆ ಮೊಳಕೆ ಕುಂದುತ್ತದೆ. ಎಲ್ಲ ಕಾಳೂ ಒಂದೇ ವರ್ಷ ಮೊಳೆಯುವುದೂ ಇಲ್ಲ. ಕೆಲವು ವರ್ಷಗಟ್ಟಲೆ ಕೆಸರಿನಲ್ಲಿ ನಿದ್ರಿಸುತ್ತವೆ. ಬೆಳೆ ಕೈಕೊಟ್ಟ ವರ್ಷದ ನಂತರವೂ ಕೆರೆ ಮತ್ತೆ ಹಸಿರಾಗುವುದು ಈ ಉಳಿಕೆ ಬೀಜಗಳಿಂದ.

ವಸಂತದಲ್ಲಿ ಎಳೆ ಎಲೆಗಳು ನೀರೊಳಗೇ ಇರುತ್ತವೆ. ಜೂನ್ ಹೊತ್ತಿಗೆ ಅವು ಮೇಲೆ ಬಂದು ನೀರಿನ ಮೇಲ್ಮೈಯಲ್ಲಿ ಪಟ್ಟಿಪಟ್ಟಿಯಾಗಿ ತೇಲುತ್ತವೆ. ಗಿಡಕ್ಕೆ ಇದು ಅತ್ಯಂತ ನಾಜೂಕಿನ ಹಂತ: ಬೇರು ಇನ್ನೂ ಬಲಿತಿರುವುದಿಲ್ಲ, ಎಲೆ ಮಾತ್ರ ತೇಲುತ್ತಿರುತ್ತದೆ. ಆಗ ಜೋರು ಮಳೆಯಿಂದಲೋ ಅಣೆಕಟ್ಟಿನ ಬಾಗಿಲ ಏರಿಳಿತದಿಂದಲೋ ನೀರಿನ ಮಟ್ಟ ಥಟ್ಟನೆ ಏರಿದರೆ ಗಿಡ ಬುಡಸಮೇತ ಕಿತ್ತುಬರುತ್ತದೆ. ಜುಲೈ ವೇಳೆಗೆ ಕಾಂಡ ನೀರಿನಿಂದ ಮೇಲೆದ್ದು ಆಳೆತ್ತರ ಬೆಳೆಯಬಹುದು. ತೆನೆಯ ಮೇಲ್ಭಾಗದಲ್ಲಿ ಹೆಣ್ಣು ಹೂಗಳೂ ಕೆಳಭಾಗದಲ್ಲಿ ಗಂಡು ಹೂಗಳೂ ಇರುತ್ತವೆ. ಒಂದೇ ತೆನೆಯಲ್ಲಿ ಹೆಣ್ಣು ಹೂ ಮೊದಲೇ ಅರಳುವುದರಿಂದ ಬಹುಪಾಲು ಪರಾಗ ಬೇರೆ ಗಿಡದಿಂದ ಗಾಳಿಯಲ್ಲಿ ಬರುತ್ತದೆ.

ಕಾಳು ಮಾಗುವುದು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ. ತೆನೆಯ ತುದಿಯಿಂದ ಕೆಳಕ್ಕೆ ಸ್ವಲ್ಪಸ್ವಲ್ಪವಾಗಿ ಮಾಗಿ, ಮಾಗಿದಂತೆ ನೀರಿಗೆ ಉದುರುತ್ತದೆ. ಭತ್ತ, ಗೋಧಿಯಂಥ ಸಾಕಿದ ಧಾನ್ಯಗಳು ಮನುಷ್ಯನ ಕೈಯಲ್ಲಿ ಈ ಉದುರುವ ಗುಣವನ್ನು ಕಳೆದುಕೊಂಡಿವೆ, ಮನೋಮಿನ್ ಕಳೆದುಕೊಂಡಿಲ್ಲ. ಕೊಯ್ಲಿನ ಕ್ರಮ, ನಿಯಮ, ಯಂತ್ರದ ವಿರೋಧ ಎಲ್ಲವೂ ಈ ಒಂದು ಗುಣಕ್ಕೆ ಹೊಂದಿಕೊಂಡವು. ಫಸಲು ವರ್ಷದಿಂದ ವರ್ಷಕ್ಕೆ ಏರುಪೇರಾಗುವುದೂ ಸಹಜ: ನಾಲ್ಕು ವರ್ಷದಲ್ಲಿ ಒಂದು ತುಂಬು ಬೆಳೆ, ಎರಡು ಸಾಧಾರಣ, ಒಂದು ಸೋಲು ಎಂಬುದು ವಾಡಿಕೆಯ ಲೆಕ್ಕ. ಕೊಳೆಯುವ ಹಳೆಯ ಹುಲ್ಲು ಕೆಸರಿನ ಸಾರಜನಕವನ್ನು ಹಿಡಿದಿಟ್ಟುಕೊಳ್ಳುವುದು ಇದಕ್ಕೆ ಮುಖ್ಯ ಕಾರಣ.

ಹಿನ್ನೆಲೆ

ಮಹಾಸರೋವರ ಪ್ರದೇಶದಲ್ಲಿ ಸುಮಾರು ಎರಡು ಸಾವಿರ ವರ್ಷ ಹಿಂದೆಯೇ ಮನೋಮಿನ್ ಬಳಕೆಯಲ್ಲಿತ್ತೆಂಬುದಕ್ಕೆ ಪುರಾತತ್ತ್ವ ಸಾಕ್ಷ್ಯಗಳಿವೆ. ಅನಿಶಿನಾಬೆ ಮೌಖಿಕ ಪರಂಪರೆಯ ಪ್ರಕಾರ ಅವರ ಪೂರ್ವಿಕರು ಅಟ್ಲಾಂಟಿಕ್ ಕರಾವಳಿಯಲ್ಲಿದ್ದರು. ನೀರಿನ ಮೇಲೆ ಆಹಾರ ಬೆಳೆಯುವ ನೆಲ ಸಿಗುವವರೆಗೆ ಪಶ್ಚಿಮಕ್ಕೆ ನಡೆಯಬೇಕೆಂಬ ಭವಿಷ್ಯವಾಣಿಯನ್ನು ಅನುಸರಿಸಿ ಅವರು ಹಲವು ತಲೆಮಾರುಗಳ ಕಾಲ ಸೇಂಟ್ ಲಾರೆನ್ಸ್ ನದಿ ಮತ್ತು ಮಹಾಸರೋವರಗಳ ದಂಡೆ ಹಿಡಿದು ಸಾಗಿದರು. ಏಳು ನಿಲುಗಡೆಗಳಲ್ಲಿ ಕೊನೆಯದು ಸುಪೀರಿಯರ್ ಸರೋವರದ ಮ್ಯಾಡೆಲಿನ್ ದ್ವೀಪ. ಜನಾಂಗದ ಮೂಲಕಥೆಯಲ್ಲೇ ಮನೋಮಿನ್ ಇರುವುದರಿಂದ, ಅದನ್ನು ಬೇರೆ ಧಾನ್ಯದಿಂದ ತುಂಬಿಕೊಡಬಹುದಾದ ಸರಕೆಂದು ಅವರು ಒಪ್ಪುವುದಿಲ್ಲ.

ಮನೋಮಿನ್ ಅನಿಶಿನಾಬೆಯರೊಬ್ಬರದೇ ಆಗಿರಲಿಲ್ಲ. ಡಕೋಟ ಜನರೂ ಅದನ್ನು ಕೊಯ್ಯುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಒಜಿಬ್ವೆಯರು ಪಶ್ಚಿಮಕ್ಕೆ ಒತ್ತಿಬಂದಾಗ ಇಬ್ಬರ ನಡುವಿನ ಕಾದಾಟಗಳಲ್ಲಿ ಈ ಕೆರೆಗಳೂ ಪಣವಾಗಿದ್ದವು. ವಿಸ್ಕಾನ್ಸಿನ್‌ನ ಮೆನಾಮಿನಿ ಜನರಿಗೆ ಆ ಹೆಸರು ಬಂದದ್ದೇ ಈ ಕಾಳಿನಿಂದ. ತುಪ್ಪಳ ವ್ಯಾಪಾರದ ಕಾಲದಲ್ಲಿ ಐರೋಪ್ಯ ವ್ಯಾಪಾರಿಗಳು ಚಳಿಗಾಲದ ದಾಸ್ತಾನಿಗಾಗಿ ಇದನ್ನು ಮೂಲನಿವಾಸಿಗಳಿಂದ ಕೊಳ್ಳುತ್ತಿದ್ದರು.

ಮನೋಮಿನ್ ಒಂದು ವಾರ್ಷಿಕ ಆಹಾರಚಕ್ರದ ಭಾಗ. ಹಿಮ ಕರಗುವಾಗ ಮೇಪಲ್ ಮರದ ರಸ ಇಳಿಸಿ ಸಕ್ಕರೆ ಕಾಯಿಸುವುದು, ವಸಂತದಲ್ಲಿ ಮೀನು, ಬೇಸಿಗೆಯಲ್ಲಿ ಬ್ಲೂಬೆರಿ ಮತ್ತು ಕೈತೋಟದ ಮೆಕ್ಕೆಜೋಳ, ಕುಂಬಳ, ಶರತ್ಕಾಲದಲ್ಲಿ ಮನೋಮಿನ್, ಚಳಿಯಲ್ಲಿ ಜಿಂಕೆ ಬೇಟೆ. ಇವುಗಳಲ್ಲಿ ಒಣಗಿಸಿ ಕೂಡಿಟ್ಟರೆ ವರ್ಷಗಟ್ಟಲೆ ಕೆಡದಿರುವುದು ಮನೋಮಿನ್. ಬೇಟೆ ಸಿಗದ ಚಳಿಗಾಲದಲ್ಲಿ ಜೀವ ಹಿಡಿದಿಟ್ಟದ್ದು ಇದೇ.

ಕೊಯ್ಲು

ಸಾಂಪ್ರದಾಯಿಕ ಕೊಯ್ಲಿಗೆ ಬೇಕಾದವರು ಇಬ್ಬರು, ಒಂದು ಕಿರುದೋಣಿ. ಒಬ್ಬರು ದೋಣಿಯಲ್ಲಿ ನಿಂತು ಉದ್ದನೆಯ ಗಳದಿಂದ ಅದನ್ನು ನೂಕುತ್ತಾರೆ. ಗಳದ ತುದಿ ಕವಲೊಡೆದಿರುತ್ತದೆ. ಕೆಸರಿನಲ್ಲಿ ಹೂತುಹೋಗದಿರಲು, ಬೇರುಗಳಿಗೆ ಪೆಟ್ಟಾಗದಿರಲು ಈ ಏರ್ಪಾಡು. ಹುಟ್ಟು ಹಾಕಿದರೆ ಗಿಡ ತುಂಡಾಗುತ್ತದೆ, ಆದ್ದರಿಂದ ಹುಟ್ಟಿನ ಬಳಕೆಯಿಲ್ಲ. ಇನ್ನೊಬ್ಬರು ಕೂತು ಎರಡು ಹಗುರವಾದ ಸೀಡರ್ ಕೋಲು ಹಿಡಿದಿರುತ್ತಾರೆ. ಒಂದು ಕೋಲಿನಿಂದ ತೆನೆಗಳನ್ನು ದೋಣಿಯ ಮೇಲಕ್ಕೆ ಬಾಗಿಸಿ, ಇನ್ನೊಂದರಿಂದ ಸವರಿದಂತೆ ತಟ್ಟುತ್ತಾರೆ. ಮಾಗಿದ ಕಾಳು ದೋಣಿಗೆ ಬೀಳುತ್ತದೆ, ಹಸಿಗಾಳು ತೆನೆಯಲ್ಲೇ ಉಳಿಯುತ್ತದೆ. ಬಡಿದರೆ ಕಾಂಡ ಮುರಿದು ಮುಂದಿನ ಸುತ್ತಿನ ಫಸಲು ಹೋಗುತ್ತದೆ. ಕೆಲವು ದಿನ ಬಿಟ್ಟು ಅದೇ ಜಾಗಕ್ಕೆ ಮತ್ತೆ ಬರಬೇಕಾದ್ದರಿಂದ ಮೃದುವಾಗಿ ತಟ್ಟುವುದೇ ಈ ಕೆಲಸದ ಕೌಶಲ. ಒಂದಷ್ಟು ಕಾಳು ಹೇಗೂ ನೀರಿಗೆ ಬಿದ್ದು ಬರುವ ವರ್ಷದ ಬಿತ್ತನೆಯಾಗುತ್ತದೆ. ಇನ್ನೊಂದಷ್ಟು ಬಾತುಕೋಳಿಗಳ ಪಾಲು.

ಕಾಳಿನ ತುದಿಯಲ್ಲಿ ಗರಗಸದಂಥ ಉದ್ದನೆಯ ಸುಂಕು ಇರುತ್ತದೆ. ಅದು ಬಟ್ಟೆಯೊಳಗೆ, ಕಣ್ಣಿಗೆ, ಗಂಟಲಿಗೆ ಸೇರದಂತೆ ಕೊಯ್ಲಿನವರು ಮೈ ಮುಚ್ಚುವ ಉಡುಪು ತೊಡುತ್ತಾರೆ.

ಕೆರೆಯನ್ನು ಕೊಯ್ಲಿಗೆ ಯಾವಾಗ ತೆರೆಯಬೇಕೆಂಬುದನ್ನು ಹಿಂದೆ ಸಮುದಾಯ ಗೊತ್ತುಮಾಡಿದ ಮುಖ್ಯಸ್ಥರು ತೆನೆ ನೋಡಿ ಹೇಳುತ್ತಿದ್ದರು; ಅವರ ಮಾತಿಗೆ ಮೊದಲು ದೋಣಿ ಇಳಿಸುವಂತಿರಲಿಲ್ಲ. ಇಂದು ಮೀಸಲು ಪ್ರದೇಶಗಳಲ್ಲಿ ಈ ಕೆಲಸವನ್ನು ಪಂಗಡದ ಸಮಿತಿಗಳು ಮಾಡುತ್ತವೆ. ಹಿಂದಿನ ಕಾಲದಲ್ಲಿ ಹೆಂಗಸರು ಕಾಳು ಹಾಲುತುಂಬಿರುವಾಗಲೇ ಕೆರೆಗೆ ಹೋಗಿ ತೆನೆಗಳನ್ನು ನಾರಿನಿಂದ ಕಂತೆಕಂತೆಯಾಗಿ ಕಟ್ಟಿ ಬರುವ ರೂಢಿಯಿತ್ತು. ಕಟ್ಟಿದ ಕಂತೆ ಗಾಳಿಗೂ ಹಕ್ಕಿಗೂ ಕಾಳು ಬಿಡುತ್ತಿರಲಿಲ್ಲ. ಕಟ್ಟಿನ ರೀತಿಯಿಂದ ಅದು ಯಾವ ಕುಟುಂಬದ್ದೆಂದು ಎಲ್ಲರಿಗೂ ತಿಳಿಯುತ್ತಿತ್ತು. ನೀರಿಗೆ ಒಡೆತನವಿಲ್ಲದಿದ್ದರೂ ಕೆಲಸಕ್ಕೆ ಮನ್ನಣೆಯಿತ್ತು ಎಂಬುದಕ್ಕೆ ಇದು ಉದಾಹರಣೆ. ಕೊಯ್ಲಿಗೆ ಮೊದಲು ನೀರಿಗೆ ಹೊಗೆಸೊಪ್ಪು ಅರ್ಪಿಸುವುದು, ಹೊಸ ಕಾಳಿನ ಮೊದಲ ಅಡುಗೆಯನ್ನು ಹಬ್ಬವಾಗಿ ಉಣ್ಣುವುದು ಇಂದಿಗೂ ನಡೆದಿದೆ. ನಾಮಕರಣ ಮತ್ತು ಅಂತ್ಯಸಂಸ್ಕಾರದ ಊಟಗಳಲ್ಲೂ ಮನೋಮಿನ್ ಇರಲೇಬೇಕು.

ಈ ಪದ್ಧತಿಯ ಕೆಲವು ಅಂಶಗಳನ್ನು ಮಿನ್ನೆಸೊಟ ರಾಜ್ಯದ ಕಾನೂನು ಎಲ್ಲರಿಗೂ ಕಡ್ಡಾಯ ಮಾಡಿದೆ. ಸಹಜ ಕೆರೆಗಳಲ್ಲಿ ಯಂತ್ರದ ಕೊಯ್ಲು 1939ರಿಂದ ನಿಷಿದ್ಧ. ದೋಣಿ 18 ಅಡಿಗಿಂತ ಉದ್ದ, 36 ಅಂಗುಲಕ್ಕಿಂತ ಅಗಲ ಇರಕೂಡದು. ತಟ್ಟುಗೋಲು 30 ಅಂಗುಲ ಮೀರಬಾರದು, ತೂಕ ಒಂದು ಪೌಂಡು ಮೀರಬಾರದು.

ಸಂಸ್ಕರಣೆ

ದೋಣಿಯಿಂದ ಇಳಿಸಿದ ಹಸಿಗಾಳು ಒಂದೆರಡು ದಿನದಲ್ಲಿ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ಅದಕ್ಕಾಗಿ ತಕ್ಷಣ ಬರ್ಚ್ ತೊಗಟೆಯ ಹಾಸು ಅಥವಾ ಕ್ಯಾನ್ವಾಸಿನ ಮೇಲೆ ಹರಡಿ, ಹುಳು, ಕಡ್ಡಿ ಆರಿಸಿ ಒಣಗಿಸುತ್ತಾರೆ. ಆಮೇಲೆ ಹುರಿಯುವುದು. ಓರೆಯಾಗಿಟ್ಟ ಕಬ್ಬಿಣದ ಕೊಪ್ಪರಿಗೆಯಲ್ಲಿ, ಸೌದೆ ಉರಿಯ ಮೇಲೆ, ಹುಟ್ಟಿನಂಥ ಮರದ ಸಟ್ಟುಗದಿಂದ ಬಿಡದೆ ಕೈಯಾಡಿಸುತ್ತ ಹುರಿಯಬೇಕು. ಹದ ತಪ್ಪಿದರೆ ಕಾಳು ಸೀಯುತ್ತದೆ ಇಲ್ಲವೆ ಅರಳುತ್ತದೆ. ಹುರಿದಾಗ ಹೊಟ್ಟು ಗರಿಗರಿಯಾಗಿ ಸಡಿಲವಾಗುತ್ತದೆ, ಮೊಳೆಯುವ ಶಕ್ತಿ ಹೋಗುತ್ತದೆ, ಕಾಳು ಬಹುಕಾಲ ಕೆಡದಂತೆ ಗಟ್ಟಿಯಾಗುತ್ತದೆ. ಕಬ್ಬಿಣದ ಪಾತ್ರೆ ವ್ಯಾಪಾರಿಗಳ ಮೂಲಕ ಬರುವ ಮೊದಲು ಬೆಂಕಿಯ ಮೇಲೆ ಕಟ್ಟಿದ ಅಟ್ಟದಲ್ಲಿ ಹೊಗೆಯಾಡಿಸಿ ಒಣಗಿಸುತ್ತಿದ್ದರು.

ಹೊಟ್ಟು ಬಿಡಿಸಲು ಒನಕೆಯಿಂದ ಕುಟ್ಟುವುದಕ್ಕಿಂತ ತುಳಿಯುವುದೇ ವಾಡಿಕೆ. ನೆಲದಲ್ಲಿ ತೋಡಿ ಮರದ ಪಟ್ಟಿ ಅಥವಾ ಚರ್ಮ ಹೊದಿಸಿದ ಸಣ್ಣ ಗುಂಡಿಗೆ ಕಾಳು ಸುರಿದು, ಮೆತ್ತನೆಯ ಹೊಸ ತೊಗಲಿನ ಮೆಟ್ಟು ತೊಟ್ಟವರು ಅಕ್ಕಪಕ್ಕದ ಗೂಟ ಹಿಡಿದು ಅದರೊಳಗೆ ಕುಣಿಯುವಂತೆ ಹೆಜ್ಜೆ ಹಾಕುತ್ತಾರೆ. ಮೈಭಾರವೆಲ್ಲ ಬಿಟ್ಟರೆ ಕಾಳು ನುಚ್ಚಾಗುತ್ತದೆ. ಹಗುರ ಮೈಯ ಮಕ್ಕಳಿಗೆ ಈ ಕೆಲಸ ವಹಿಸುತ್ತಿದ್ದುದು ಅದಕ್ಕೇ. ಕೊನೆಗೆ ಬರ್ಚ್ ತೊಗಟೆಯ ಮೊರದಲ್ಲಿ ಕೇರಿ ಹೊಟ್ಟು ಹಾರಿಸುತ್ತಾರೆ. ಹಸಿಗಾಳಿನ ತೂಕದಲ್ಲಿ ಸುಮಾರು ಅರ್ಧ ಅಥವಾ ಅದಕ್ಕೂ ಕಡಿಮೆ ತಿನ್ನುವ ಕಾಳು ಉಳಿಯುತ್ತದೆ. ಈಗ ಹುರಿಯಲು ತಿರುಗುವ ಪೀಪಾಯಿ, ತುಳಿಯಲು ಮೋಟಾರು ಯಂತ್ರ ಬಂದಿವೆ. ಹಲವು ಮೀಸಲು ಪ್ರದೇಶಗಳಲ್ಲಿ ಇವನ್ನು ಇಟ್ಟುಕೊಂಡವರು ಊರವರ ಕಾಳನ್ನು ಕೂಲಿಗೆ ಅಥವಾ ಪಾಲಿಗೆ ಸಂಸ್ಕರಿಸಿ ಕೊಡುತ್ತಾರೆ.

ಆಹಾರವಾಗಿ

ಕೈಯಲ್ಲಿ ಹುರಿದ ಮನೋಮಿನ್ ಹಸಿರುಗಂದು ಬಣ್ಣದ್ದು, ಹೊಗೆಯ ಘಮವುಳ್ಳದ್ದು, 15ರಿಂದ 20 ನಿಮಿಷದಲ್ಲಿ ಬೇಯುವಂಥದ್ದು. ಅಂಗಡಿಯಲ್ಲಿ ಸಿಗುವ ಹೊಳೆಯುವ ಕಪ್ಪು ಕಾಳು ಸಾಮಾನ್ಯವಾಗಿ ಗದ್ದೆಯದು. ಅದು ಬೇಯಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಬೇಯಿಸಿದಾಗ ಕಾಳು ಸೀಳಿ ಒಳಗಿನ ಬಿಳುಪು ಹೊರಗೆ ಸುರುಳಿಯಾಗುತ್ತದೆ. ಮೀನು, ಜಿಂಕೆ ಮಾಂಸ, ಬಾತುಕೋಳಿಗಳ ಜೊತೆ ಸಾರಿನಂತೆ ಕುದಿಸುವುದು, ಮೇಪಲ್ ಸಕ್ಕರೆ ಮತ್ತು ಬ್ಲೂಬೆರಿ ಬೆರೆಸಿ ಗಂಜಿ ಮಾಡುವುದು, ಕೊಬ್ಬಿನಲ್ಲಿ ಅರಳು ಹುರಿಯುವುದು ಸಾಮಾನ್ಯ.

ಬೇಯಿಸದ 100 ಗ್ರಾಂ ಕಾಳಿನಲ್ಲಿ ಸುಮಾರು 15 ಗ್ರಾಂ ಸಸಾರಜನಕ, 6 ಗ್ರಾಂ ನಾರು, 1 ಗ್ರಾಂನಷ್ಟು ಕೊಬ್ಬು ಇರುತ್ತವೆ. ಪಾಲಿಷ್ ಮಾಡಿದ ಅಕ್ಕಿಗೆ ಹೋಲಿಸಿದರೆ ಸಸಾರಜನಕ ಎರಡು ಪಟ್ಟು. ಏಕದಳ ಧಾನ್ಯಗಳಲ್ಲಿ ಸಾಮಾನ್ಯವಾಗಿ ಕೊರತೆ ಬೀಳುವ ಲೈಸಿನ್ ಇದರಲ್ಲಿ ತಕ್ಕಮಟ್ಟಿಗೆ ಹೆಚ್ಚು.

ಒಪ್ಪಂದಗಳು ಮತ್ತು ಹಕ್ಕು

ಹತ್ತೊಂಬತ್ತನೆಯ ಶತಮಾನದಲ್ಲಿ ಒಜಿಬ್ವೆ ಪಂಗಡಗಳು ಅಮೆರಿಕ ಸರ್ಕಾರದೊಡನೆ ಸರಣಿ ಒಪ್ಪಂದಗಳಿಗೆ ಸಹಿ ಹಾಕಿದವು. 1837, 1842, 1854 ಮತ್ತು 1855ರವು ಇವುಗಳಲ್ಲಿ ಮುಖ್ಯ. ಪೈನ್ ಮರ ಮತ್ತು ತಾಮ್ರಕ್ಕಾಗಿ ಸರ್ಕಾರ ನೆಲ ಪಡೆಯಿತು. 1837ರ ಒಪ್ಪಂದದಲ್ಲಿ ಮಾತ್ರ ಬಿಟ್ಟುಕೊಟ್ಟ ಪ್ರದೇಶದಲ್ಲೂ ಬೇಟೆ, ಮೀನುಗಾರಿಕೆಗಳ ಜೊತೆ ಈ ಕಾಳನ್ನು ಸಂಗ್ರಹಿಸುವ ಹಕ್ಕು ಹೆಸರು ಸಹಿತ ಸೇರಿತು. ಇಲ್ಲಿ ಗಮನಿಸಬೇಕಾದ್ದು, ಹಕ್ಕು ಸರ್ಕಾರ ಕೊಟ್ಟದ್ದಲ್ಲ; ನೆಲ ಬಿಡುವಾಗ ಪಂಗಡಗಳು ತಮ್ಮಲ್ಲೇ ಉಳಿಸಿಕೊಂಡದ್ದು. ಅಮೆರಿಕದ ನ್ಯಾಯಾಲಯಗಳು ಇಂಥ ಒಪ್ಪಂದಗಳನ್ನು ಓದುವ ಕ್ರಮವೂ ಇದೇ.

ಆದರೂ ಹಕ್ಕು ಒಂದು ಶತಮಾನಕ್ಕೂ ಹೆಚ್ಚು ಕಾಲ ಕಾಗದದಲ್ಲೇ ಉಳಿಯಿತು. 1850ರಲ್ಲಿ ಅಧ್ಯಕ್ಷ ಜಕಾರಿ ಟೇಲರ್ ಒಜಿಬ್ವೆಯರನ್ನು ಪಶ್ಚಿಮಕ್ಕೆ ಎಬ್ಬಿಸುವ ಆದೇಶ ಹೊರಡಿಸಿದರು. ಆ ಶರತ್ಕಾಲದಲ್ಲಿ ವಾರ್ಷಿಕ ಹಣ ಮತ್ತು ಸಾಮಗ್ರಿ ಹಂಚುವ ಸ್ಥಳವನ್ನು ಮ್ಯಾಡೆಲಿನ್ ದ್ವೀಪದಿಂದ ದೂರದ ಸ್ಯಾಂಡಿ ಲೇಕ್‌ಗೆ ಬದಲಿಸಲಾಯಿತು. ಅಲ್ಲಿ ವಾರಗಟ್ಟಲೆ ಕಾದ ಜನ ಕೆಟ್ಟ ಆಹಾರ, ಕಾಯಿಲೆಗಳಿಂದಲೂ, ಹಿಂದಿರುಗುವ ದಾರಿಯಲ್ಲಿ ಚಳಿಯಿಂದಲೂ ಸತ್ತರು. ಒಟ್ಟು ಸುಮಾರು 400 ಮಂದಿ ತೀರಿಕೊಂಡರೆಂದು ಅಂದಾಜು. ಮುಂದೆ ಸಾಮೂಹಿಕ ನೆಲವನ್ನು ವೈಯಕ್ತಿಕ ತುಂಡುಗಳಾಗಿ ಒಡೆದ 1887ರ ಡಾಸ್ ಕಾಯಿದೆ, ಮಿನ್ನೆಸೊಟಕ್ಕೆಂದೇ ಬಂದ 1889ರ ನೆಲ್ಸನ್ ಕಾಯಿದೆಗಳಿಂದ ವೈಟ್ ಅರ್ತ್ ಮೀಸಲು ಪ್ರದೇಶದ ಬಹುಪಾಲು ನೆಲ ಹೊರಗಿನವರ ಪಾಲಾಯಿತು. ಮಕ್ಕಳನ್ನು ವಸತಿಶಾಲೆಗಳಿಗೆ ಒಯ್ದದ್ದರಿಂದ ಭಾಷೆಯ ಜೊತೆಗೆ ಕೊಯ್ಲಿನ ಕಲಿಕೆಯೂ ಹಲವು ಮನೆಗಳಲ್ಲಿ ತುಂಡಾಯಿತು.

ಹಕ್ಕು ಮತ್ತೆ ಜೀವ ತಳೆದದ್ದು ನ್ಯಾಯಾಲಯದಲ್ಲಿ. ವಿಸ್ಕಾನ್ಸಿನ್‌ನ ಪಂಗಡಗಳ ಪರವಾಗಿ 1983ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಕೊಟ್ಟ ತೀರ್ಪು ವಾಯ್ಟ್ ತೀರ್ಪೆಂದೇ ಹೆಸರಾಗಿದೆ. ಅದರ ಮರುವರ್ಷ 1984ರಲ್ಲಿ, ಹಕ್ಕಿನ ಬಳಕೆಯನ್ನು ತಾವೇ ನಿಯಂತ್ರಿಸಿಕೊಳ್ಳಲು ಪಂಗಡಗಳು ಗ್ರೇಟ್ ಲೇಕ್ಸ್ ಇಂಡಿಯನ್ ಫಿಷ್ ಅಂಡ್ ವೈಲ್ಡ್‌ಲೈಫ್ ಕಮಿಷನ್ ಸ್ಥಾಪಿಸಿದವು. ಈಗ ಅದರಲ್ಲಿ 11 ಪಂಗಡಗಳಿವೆ. 1999ರ ಮಾರ್ಚ್‌ನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಮಿಲ್ ಲ್ಯಾಕ್ಸ್ ಪಂಗಡದ ಮೊಕದ್ದಮೆಯಲ್ಲಿ 5–4ರ ಬಹುಮತದಿಂದ 1837ರ ಹಕ್ಕು ಇನ್ನೂ ಊರ್ಜಿತವೆಂದು ಹೇಳಿತು.

ಗದ್ದೆಯ ಬೆಳೆ

1950ರ ದಶಕದಲ್ಲಿ ಮಿನ್ನೆಸೊಟದ ಕೆಲವು ರೈತರು ಬದು ಕಟ್ಟಿದ ಗದ್ದೆಗಳಲ್ಲಿ ಈ ಹುಲ್ಲನ್ನು ಬೆಳೆಯಲು ತೊಡಗಿದರು. ಕಾಳು ಉದುರುವ ಗುಣ ಯಂತ್ರದ ಕೊಯ್ಲಿಗೆ ಅಡ್ಡಿಯಾಗಿತ್ತು. 1960ರ ದಶಕದಲ್ಲಿ ಮಿನ್ನೆಸೊಟ ವಿಶ್ವವಿದ್ಯಾಲಯದ ತಳಿ ವಿಜ್ಞಾನಿಗಳು ಕಾಳು ಸುಲಭವಾಗಿ ಉದುರದ ಗಿಡಗಳನ್ನು ಆಯ್ದು ತಳಿ ಬೆಳೆಸಿದ ಮೇಲೆ ಬೆಳೆ ವಾಣಿಜ್ಯವಾಯಿತು. ಅಲ್ಲಿಂದ ಅದು ಕ್ಯಾಲಿಫೋರ್ನಿಯದ ಭತ್ತದ ಗದ್ದೆಗಳಿಗೆ ಇಳಿದು, 1980ರ ದಶಕದಲ್ಲಿ ಆ ರಾಜ್ಯ ಉತ್ಪಾದನೆಯಲ್ಲಿ ಮಿನ್ನೆಸೊಟವನ್ನು ಹಿಂದಿಕ್ಕಿತು. ಸರಕು ಹೆಚ್ಚಿದಂತೆ ಬೆಲೆ ಕುಸಿಯಿತು. ಕೆರೆಯ ಕಾಳು ಮಾರಿ ಶಾಲೆಯ ಬಟ್ಟೆ, ಚಳಿಗಾಲದ ಸೌದೆಯ ಖರ್ಚು ಹೊಂದಿಸುತ್ತಿದ್ದ ಕುಟುಂಬಗಳಿಗೆ ಇದು ನೇರ ಪೆಟ್ಟು. ಪೊಟ್ಟಣದ ಮೇಲೆ ದೋಣಿಯ ಚಿತ್ರ, ಒಳಗೆ ಗದ್ದೆಯ ಕಾಳು ಎಂಬ ಸ್ಥಿತಿಯೂ ಬಂತು. ಗದ್ದೆಯ ಬೆಳೆಯಾದರೆ ಹಾಗೆಂದು ಪೊಟ್ಟಣದ ಮೇಲೆ ನಮೂದಿಸಬೇಕೆಂಬ ಮಿನ್ನೆಸೊಟದ ಕಾನೂನು ಇದಕ್ಕೆ ಉತ್ತರವಾಗಿ ಬಂದದ್ದು. ಅದೇ ರಾಜ್ಯ 1977ರಲ್ಲಿ ವೈಲ್ಡ್ ರೈಸನ್ನು ತನ್ನ ರಾಜ್ಯಧಾನ್ಯವೆಂದು ಘೋಷಿಸಿತ್ತು.

ವಿಶ್ವವಿದ್ಯಾಲಯದ ಆನುವಂಶಿಕ ಸಂಶೋಧನೆಯ ಬಗ್ಗೆ 1990ರ ದಶಕದ ಕೊನೆಯಿಂದ ಅನಿಶಿನಾಬೆ ನಾಯಕರು ಆಕ್ಷೇಪ ಎತ್ತಿದ್ದಾರೆ. ಮನೋಮಿನ್‌ನ ಪರಾಗ ಗಾಳಿಯಲ್ಲಿ ಸಾಗುವಂಥದ್ದು. ತಳಿ ಮಾರ್ಪಾಡಿನ ಗಿಡ ಗದ್ದೆಗೆ ಬಂದರೆ ಕೆರೆಗೂ ಬರುತ್ತದೆ ಎಂಬುದು ಅವರ ವಾದದ ಒಂದು ಭಾಗ. ಪೂರ್ವಿಕರಿಂದ ಬಂದ ಬೀಜ ಯಾರ ಪೇಟೆಂಟೂ ಆಗಬಾರದು ಎಂಬುದು ಇನ್ನೊಂದು. ಕುಲಾಂತರಿ ವೈಲ್ಡ್ ರೈಸ್ ಬಿಡುಗಡೆಗೆ ಮೊದಲು ಪರಿಸರ ಪರಿಣಾಮದ ವರದಿ ಬೇಕೆಂದು ಮಿನ್ನೆಸೊಟ ಶಾಸನಸಭೆ 2007ರಲ್ಲಿ ವಿಧಿಸಿತು. ಹೋರಾಟಗಾರ್ತಿ ವಿನೋನ ಲಡ್ಯೂಕ್ 1989ರಲ್ಲಿ ಕಟ್ಟಿದ ವೈಟ್ ಅರ್ತ್ ಲ್ಯಾಂಡ್ ರಿಕವರಿ ಪ್ರಾಜೆಕ್ಟ್ ಈ ಚಳವಳಿಯ ಮುಂಚೂಣಿಯಲ್ಲಿತ್ತು. ಕೊಯ್ಲಿನವರಿಂದ ನ್ಯಾಯವಾದ ಬೆಲೆಗೆ ಕೊಂಡು ಮಾರುವ ಕೆಲಸವನ್ನೂ ಅದು ಮಾಡಿತು.

ನೀರು

ಬೆಳೆ ತಾನಾಗಿ ಬೆಳೆಯುವುದರಿಂದ ಅದರ ಕೃಷಿಯೆಂದರೆ ನೀರನ್ನು ಕಾಯುವುದೇ. 1880ರ ದಶಕದಲ್ಲಿ ಮಿಸಿಸಿಪ್ಪಿಯ ಮೂಲಕೆರೆಗಳಿಗೆ, ಅಂದರೆ ವಿನ್ನಿಬಿಗೋಷಿಷ್, ಲೀಚ್ ಲೇಕ್ ಮೊದಲಾದವುಗಳಿಗೆ, ಹಡಗು ಸಂಚಾರದ ಅನುಕೂಲಕ್ಕೆ ಕಟ್ಟಿದ ಅಣೆಗಳು ಮನೋಮಿನ್ ನೆಲೆಗಳನ್ನು ಮುಳುಗಿಸಿದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜೌಗು ಬಸಿಯಲು ತೋಡಿದ ಕಾಲುವೆಗಳು ಇದಕ್ಕೆ ತದ್ವಿರುದ್ಧವಾಗಿ ಕೆಲವು ಕೆರೆಗಳ ನೀರಿಳಿಸಿದವು. ಸಾಮಾನ್ಯ ಗೆಂಡೆ ಮೀನು ತಳ ಕೆದಕಿ ಗಿಡ ಕೀಳುತ್ತದೆ, ಮೋಟಾರು ದೋಣಿಯ ಅಲೆ ತೇಲೆಲೆಯನ್ನು ಕಿತ್ತೆಸೆಯುತ್ತದೆ, ಕೆರೆಯಂಚಿನ ಮನೆಗಳವರು ಈಜಲು ಅಡ್ಡಿಯೆಂದು ಹುಲ್ಲು ಕೀಳಿಸುತ್ತಾರೆ.

ಗಣಿಗಾರಿಕೆಯ ತೊಡಕು ಇವೆಲ್ಲಕ್ಕಿಂತ ಸೂಕ್ಷ್ಮ. ಗಣಿಯಿಂದ ಹರಿದು ಬರುವ ಸಲ್ಫೇಟ್ ಸ್ವತಃ ಗಿಡಕ್ಕೆ ಹೆಚ್ಚು ಹಾನಿಕರವಲ್ಲ. ಆಮ್ಲಜನಕವಿಲ್ಲದ ಕೆಸರಿನಲ್ಲಿ ಬ್ಯಾಕ್ಟೀರಿಯಗಳು ಅದನ್ನು ಸಲ್ಫೈಡ್ ಆಗಿ ಮಾರ್ಪಡಿಸುತ್ತವೆ. ಸಲ್ಫೈಡ್ ಬೇರಿಗೆ ವಿಷ. ಕೆಸರಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದರೆ ಸಲ್ಫೈಡ್ ಅದರೊಡನೆ ಬೆಸೆದು ನಿರುಪದ್ರವಿಯಾಗುವುದೂ ಉಂಟು, ಹೀಗಾಗಿ ಎಲ್ಲ ಕೆರೆಗೂ ಪರಿಣಾಮ ಒಂದೇ ಅಲ್ಲ. 1940ರ ದಶಕದಲ್ಲಿ ಜೀವಶಾಸ್ತ್ರಜ್ಞ ಜಾನ್ ಮಾಯ್ಲ್, ಸಲ್ಫೇಟ್ ಹೆಚ್ಚಿರುವ ನೀರಿನಲ್ಲಿ ಮನೋಮಿನ್ ದೊಡ್ಡ ಪ್ರಮಾಣದಲ್ಲಿ ಬೆಳೆಯದಿರುವುದನ್ನು ಗುರುತಿಸಿದರು. ಅದರ ಆಧಾರದ ಮೇಲೆ ಮಿನ್ನೆಸೊಟ 1973ರಲ್ಲಿ ಲೀಟರಿಗೆ 10 ಮಿಲಿಗ್ರಾಂ ಎಂಬ ಮಿತಿ ಹಾಕಿತು. ಮೆಸಾಬಿ ಶ್ರೇಣಿಯ ಟ್ಯಾಕೊನೈಟ್ ಕಬ್ಬಿಣದ ಗಣಿಗಳ ನೆರೆಯಲ್ಲೇ ಮನೋಮಿನ್ ನೀರುಗಳಿವೆ. ಮಿತಿ ದಶಕಗಳ ಕಾಲ ಜಾರಿಗೆ ಬರಲಿಲ್ಲವೆನ್ನಬಹುದು. ಮಿತಿಯ ಬದಲು ಕೆರೆಕೆರೆಗೂ ಬೇರೆಯಾದ ಸೂತ್ರ ತರುವ ರಾಜ್ಯದ ಪ್ರಸ್ತಾಪ 2018ರಲ್ಲಿ ಬಿದ್ದುಹೋಯಿತು. 2021ರಲ್ಲಿ ಫೆಡರಲ್ ಪರಿಸರ ಸಂರಕ್ಷಣಾ ಸಂಸ್ಥೆಯು ಈ ಮಿತಿ ಮೀರಿದ 30ಕ್ಕೂ ಹೆಚ್ಚು ಜಲಮೂಲಗಳನ್ನು ಕೆಟ್ಟ ನೀರಿನ ಪಟ್ಟಿಗೆ ಸೇರಿಸಿತು.

ವಿಸ್ಕಾನ್ಸಿನ್‌ನ ಮೋಲ್ ಲೇಕ್‌ನಲ್ಲಿ ಸೊಕಾಗನ್ ಪಂಗಡವು ಬೇರೆ ದಾರಿ ಹಿಡಿಯಿತು. ಕ್ರಾಂಡನ್ ಎಂಬಲ್ಲಿ ಸತು ಮತ್ತು ತಾಮ್ರದ ಗಣಿ ಯೋಜನೆ ಬಂದಾಗ ಅದು ಮೊದಲು ತನ್ನ ಮೀಸಲು ಪ್ರದೇಶದ ನೀರಿಗೆ ತಾನೇ ಗುಣಮಟ್ಟ ಗೊತ್ತುಮಾಡುವ ಅಧಿಕಾರ ಪಡೆಯಿತು. ರಾಜ್ಯ ಸರ್ಕಾರ ಅದನ್ನು ಪ್ರಶ್ನಿಸಿ ಸೋತಿತು. ಆಮೇಲೆ 2003ರಲ್ಲಿ ಫಾರೆಸ್ಟ್ ಕೌಂಟಿ ಪೊಟವಾಟಮಿ ಪಂಗಡದ ಜೊತೆ ಸೇರಿ 1.65 ಕೋಟಿ ಡಾಲರಿಗೆ ಗಣಿಯ ಜಾಗವನ್ನೇ ಕೊಂಡಿತು. ಗಣಿ ಅಲ್ಲಿಗೆ ನಿಂತಿತು.

ವೈಟ್ ಅರ್ತ್ ಪಂಗಡವು 2018ರ ಕೊನೆಯಲ್ಲಿ ಮನೋಮಿನ್‌ಗೇ ಬಾಳುವ, ಹಬ್ಬುವ, ಶುದ್ಧ ನೀರು ಪಡೆಯುವ ಹಕ್ಕಿದೆಯೆಂದು ಸಾರುವ ಕಾನೂನು ಮಾಡಿತು. ಸಸ್ಯವೊಂದಕ್ಕೆ ಕಾನೂನಿನ ಹಕ್ಕು ಕೊಟ್ಟ ಮೊದಲ ನಿದರ್ಶನಗಳಲ್ಲಿ ಇದೊಂದು. ಲೈನ್ 3 ತೈಲ ಕೊಳವೆ ಕಾಮಗಾರಿಗಾಗಿ ಸುಮಾರು 500 ಕೋಟಿ ಗ್ಯಾಲನ್ ನೀರು ಹೊರತೆಗೆಯಲು ರಾಜ್ಯ ಅನುಮತಿ ಕೊಟ್ಟದ್ದನ್ನು ಪ್ರಶ್ನಿಸಿ, 2021ರ ಆಗಸ್ಟ್‌ನಲ್ಲಿ ಮನೋಮಿನ್ ಅನ್ನೇ ಮೊದಲ ವಾದಿಯಾಗಿಸಿ ಪಂಗಡದ ನ್ಯಾಯಾಲಯದಲ್ಲಿ ದಾವೆ ಹೂಡಲಾಯಿತು. ಕೊಳವೆ ಅಕ್ಟೋಬರ್‌ನಲ್ಲಿ ಚಾಲೂ ಆಯಿತು. ಮೀಸಲು ಪ್ರದೇಶದ ಹೊರಗೆ, ಪಂಗಡಕ್ಕೆ ಸೇರದವರ ಮೇಲೆ ತನಗೆ ಅಧಿಕಾರವಿಲ್ಲವೆಂದು ಪಂಗಡದ ಮೇಲ್ಮನವಿ ನ್ಯಾಯಾಲಯವೇ 2022ರ ಮಾರ್ಚ್‌ನಲ್ಲಿ ದಾವೆಯನ್ನು ವಜಾ ಮಾಡಿತು.

ಸಮುದಾಯದ ಕ್ಷೇಮ

ಮೀಸಲು ಪ್ರದೇಶಗಳಿಗೆ ಸೀಮಿತವಾದ ಮೇಲೆ ಜನ ಸರ್ಕಾರದ ಪಡಿತರಕ್ಕೆ ಒಗ್ಗಬೇಕಾಯಿತು. ಮೈದಾ, ಹಂದಿಕೊಬ್ಬು, ಸಕ್ಕರೆ, ಡಬ್ಬದ ಮಾಂಸ ಅದರಲ್ಲಿ ಮುಖ್ಯವಾಗಿದ್ದವು. ಮೂಲನಿವಾಸಿ ಖಾದ್ಯವೆಂದು ಈಗ ಹೆಸರಾದ ಕರಿದ ರೊಟ್ಟಿ ಹುಟ್ಟಿದ್ದು ಈ ಪಡಿತರದಿಂದ. ಪಡಿತರ ವ್ಯವಸ್ಥೆಗೆ ಇಂದಿನ ರೂಪ ಬಂದದ್ದು 1977ರ ಕಾಯಿದೆಯಿಂದ. ಅಮೆರಿಕದ ಮೂಲನಿವಾಸಿ ವಯಸ್ಕರಲ್ಲಿ ಸಕ್ಕರೆ ಕಾಯಿಲೆಯ ಪ್ರಮಾಣ ಬಿಳಿಯರಲ್ಲಿರುವುದರ ಸುಮಾರು ಎರಡು ಪಟ್ಟು. ಇದಕ್ಕೆ ಬಡತನ, ಚಿಕಿತ್ಸೆಯ ಕೊರತೆಗಳೂ ಕಾರಣ, ಆಹಾರ ಬದಲಾದದ್ದು ಒಂದು ಕಾರಣ ಮಾತ್ರ.

ಪಂಗಡಗಳ ಆರೋಗ್ಯ ಕಾರ್ಯಕ್ರಮಗಳು ಮನೋಮಿನ್ ಅನ್ನು ಕೇವಲ ಪೋಷಕಾಂಶಗಳ ಲೆಕ್ಕದಲ್ಲಿ ನೋಡುವುದಿಲ್ಲ. ಕೊಯ್ಲೆಂದರೆ ಮೈದಣಿಯುವ ಕೆಲಸ, ಅಜ್ಜ ಅಜ್ಜಿಯರು ಮೊಮ್ಮಕ್ಕಳಿಗೆ ಕಲಿಸುವ ಸಂದರ್ಭ, ಒಜಿಬ್ವೆ ಭಾಷೆಯ ಪದಗಳು ಕೈಕೆಲಸದೊಡನೆ ಬಾಯಿಗೆ ಬರುವ ಅವಕಾಶ, ಹಂಚಿ ತಿನ್ನುವ ರೂಢಿಯ ಮುಂದುವರಿಕೆ. ಕಾಳು ಕೊಂಡು ತಂದರೆ ಇವ್ಯಾವುವೂ ಬರುವುದಿಲ್ಲ. ಪಂಗಡದ ಶಾಲೆ ಕಾಲೇಜುಗಳು ಸೆಪ್ಟೆಂಬರ್‌ನಲ್ಲಿ ತಟ್ಟುಗೋಲು ಕೆತ್ತುವುದರಿಂದ ಹಿಡಿದು ಹುರಿಯುವವರೆಗೆ ಶಿಬಿರಗಳನ್ನು ನಡೆಸುತ್ತವೆ. ಪಡಿತರದಲ್ಲೂ ಬದಲಾವಣೆ ಬಂದಿದೆ: ಬೈಸನ್ ಮಾಂಸ, ಸಾಲ್ಮನ್, ನೀಲಿ ಮೆಕ್ಕೆಜೋಳದ ಹಿಟ್ಟುಗಳ ಜೊತೆ ಮನೋಮಿನ್ ಸೇರಿದೆ. 2018ರ ಕೃಷಿ ಕಾಯಿದೆಯಡಿ ಪ್ರಾಯೋಗಿಕವಾಗಿ ಕೆಲವು ಪಂಗಡಗಳು ಪಡಿತರದ ಕೆಲವು ವಸ್ತುಗಳನ್ನು ತಾವೇ ಆಯ್ದು ಕೊಳ್ಳುತ್ತಿವೆ. ವಿಸ್ಕಾನ್ಸಿನ್‌ನ ಒನೈಡ ಮತ್ತು ಮೆನಾಮಿನಿ ಪಂಗಡಗಳು ಇದರಲ್ಲಿ ಮೊದಲಿಗರು.

ಇಂದಿನ ಸ್ಥಿತಿ

ನಗರಗಳಲ್ಲಿ ಮೂಲನಿವಾಸಿ ಅಡುಗೆಗೆ ಹೊಸ ಗಮನ ಬಂದಿದೆ. ಒಗ್ಲಾಲ ಲಕೋಟ ಸಮುದಾಯದ ಬಾಣಸಿಗ ಷಾನ್ ಷರ್ಮನ್ 2021ರಲ್ಲಿ ಮಿನಿಯಾಪೊಲಿಸ್‌ನಲ್ಲಿ ತೆರೆದ ಒವಾಮ್ನಿ ಹೋಟೆಲು ಗೋಧಿ, ಹಾಲು, ಕಬ್ಬಿನ ಸಕ್ಕರೆ ಬಳಸದೆ ಮನೋಮಿನ್‌ನಂಥ ಸ್ಥಳೀಯ ಆಹಾರಗಳಿಂದ ಅಡುಗೆ ಮಾಡಿ, 2022ರಲ್ಲಿ ದೇಶದ ಅತ್ಯುತ್ತಮ ಹೊಸ ಹೋಟೆಲೆಂಬ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಪಡೆಯಿತು. ಮಿಷಿಗನ್ 2023ರಲ್ಲಿ ಮನೋಮಿನ್ ಅನ್ನು ರಾಜ್ಯದ ಸ್ಥಳೀಯ ಧಾನ್ಯವೆಂದು ಘೋಷಿಸಿತು. ಸುಪೀರಿಯರ್ ಸರೋವರದ ದಂಡೆಯ ಕಾಕಗನ್ ಮತ್ತು ಬ್ಯಾಡ್ ರಿವರ್ ಜೌಗುಗಳು 2012ರಿಂದ ರಾಮ್ಸಾರ್ ತಾಣ. ಅವು ಬ್ಯಾಡ್ ರಿವರ್ ಪಂಗಡದ ರಕ್ಷಣೆಯಲ್ಲಿವೆ.

ಪುನರುಜ್ಜೀವನದ ಕೆಲಸ ನಿಧಾನವಾದುದು. ಸೇಂಟ್ ಲೂಯಿ ನದೀಮುಖದಲ್ಲಿ ಫಾಂಡ್ ಡು ಲ್ಯಾಕ್ ಪಂಗಡ ಮತ್ತು ಎರಡು ರಾಜ್ಯಗಳ ಇಲಾಖೆಗಳು ಹಲವು ವರ್ಷಗಳಿಂದ ಬೀಜ ಎರಚುತ್ತಿವೆ. ಎಳೆ ಗಿಡಗಳನ್ನು ಕೆನಡಾ ಹೆಬ್ಬಾತುಗಳು ಮೇಯುವುದು ಅಲ್ಲಿ ದೊಡ್ಡ ಅಡಚಣೆ. 1984ರಲ್ಲಿ ಪಂಗಡಗಳು ಸ್ಥಾಪಿಸಿದ ಕಮಿಷನ್ 2018ರಲ್ಲಿ ಪ್ರಕಟಿಸಿದ ಅಧ್ಯಯನವು, ತಾನು ಪರಿಶೀಲಿಸಿದ ಜೀವಿಗಳಲ್ಲಿ ಹವಾಮಾನ ಬದಲಾವಣೆಯ ಹೊಡೆತಕ್ಕೆ ಅತಿ ಹೆಚ್ಚು ಈಡಾಗಿರುವುದು ಮನೋಮಿನ್ ಎಂದು ಗುರುತಿಸಿತು. ಚಳಿಗಾಲ ಮೊಟಕಾದರೆ ಮೊಳಕೆಗೆ ತೊಂದರೆ. ಜೂನ್ ತಿಂಗಳ ಭಾರಿ ಮಳೆ ತೇಲೆಲೆಯ ಹಂತಕ್ಕೆ ಕುತ್ತು. ಬೆಚ್ಚನೆಯ ತೇವದ ಬೇಸಿಗೆಯಲ್ಲಿ ಕಂದುಚುಕ್ಕೆ ರೋಗ ಹರಡುತ್ತದೆ. ಒಪ್ಪಂದದ ಹಕ್ಕು ನಿಗದಿತ ಪ್ರದೇಶಕ್ಕೆ ಅಂಟಿಕೊಂಡದ್ದು. ಗಿಡದ ನೆಲೆ ಉತ್ತರಕ್ಕೆ ಸರಿದರೆ ಹಕ್ಕು ಅದರೊಡನೆ ಸರಿಯುವುದಿಲ್ಲ. ಆಗ ಏನು ಮಾಡಬೇಕೆಂಬ ಪ್ರಶ್ನೆಗೆ 1837ರ ಒಪ್ಪಂದದಲ್ಲಾಗಲಿ ನಂತರದ ತೀರ್ಪುಗಳಲ್ಲಾಗಲಿ ಉತ್ತರವಿಲ್ಲ.